ಫೈಬರ್‌ಗ್ಲಾಸ್‌ನಲ್ಲಿ ಚಕ್ಕೆ ಏಳದ ತೂತು: ಯಾವ ಕೆಲಸಕ್ಕೆ ಯಾವ ಬಿಟ್, ಯಾವ ಹೋಲ್‌ಸಾ

ಫೈಬರ್‌ಗ್ಲಾಸ್‌ಗೆ ತೂತು ಹಾಕುವುದು ಕಷ್ಟವಲ್ಲ. ಡ್ರಿಲ್ ಮೆಷೀನಿಗೆ ಕೈಗೆ ಸಿಕ್ಕ ಬಿಟ್ ಸಿಕ್ಕಿಸಿ ಒತ್ತಿದರೂ ಅದು ಆಚೆ ಬದಿ ತಲುಪುತ್ತದೆ. ಕಷ್ಟ ಇರುವುದು ಅಂಚಿನಲ್ಲಿ. ಮುಂಬದಿಯ ಹೊಳಪಿನ ಪದರ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ, ಹಿಂಬದಿಯಲ್ಲಿ ನಾರು ಸೀಳಿ ಹೊರಗೆ ಚಾಚಿರುತ್ತದೆ, ತೂತಿನ ಒಳಗೋಡೆ ಸುಟ್ಟು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಈ ಮೂರೂ ಬೇರೆ ಬೇರೆ ತೊಂದರೆಗಳು, ಮೂರಕ್ಕೂ ಕಾರಣ ಬೇರೆ. ಯಾವುದು ಏಕೆ ಆಗುತ್ತದೆ ಎಂದು ಗೊತ್ತಿದ್ದರೆ ದುಬಾರಿ ಉಪಕರಣ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಒಂದೇ ಒಂದು ತೂತಿಗಾಗಿ ವಜ್ರದ ಹೋಲ್‌ಸಾ (ದೊಡ್ಡ ತೂತು ಕೊರೆಯುವ, ಬಟ್ಟಲಿನಂಥ ದುಂಡು ಗರಗಸ) ಕೊಳ್ಳಬೇಕಾಗಿಲ್ಲ. ನಲವತ್ತು ತೂತು ಇದ್ದರೆ ಸಾಮಾನ್ಯ ಬಿಟ್ ನಂಬಿಕೊಂಡು ಹೊರಡಬಾರದು.

ಅಂಚು ಕೆಡುವುದು ಏಕೆ

ದೋಣಿ, ಸ್ನಾನದ ತೊಟ್ಟಿ, ವಾಹನದ ಬಾಡಿ ಇಂಥವುಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಅರ್ಧ ಎಂಎಂ ಆಸುಪಾಸಿನ ಜೆಲ್‌ಕೋಟ್ ಇರುತ್ತದೆ. ಅದರಲ್ಲಿ ಗಾಜಿನ ನಾರು ಇರುವುದಿಲ್ಲ, ಬರೀ ಬಣ್ಣ ಬೆರೆಸಿದ ರೆಸಿನ್ (ಗಟ್ಟಿಯಾಗುವ ಅಂಟುದ್ರವ). ನಾರಿನ ಹಿಡಿತವಿಲ್ಲದ ರೆಸಿನ್ ಗಡುಸು, ಆದರೆ ಪೆಡಸು. ಹೋಲ್‌ಸಾದ ದಪ್ಪ ಹಲ್ಲು ಅದರ ಅಂಚಿಗೆ ಸಿಕ್ಕಿಕೊಂಡು ಎತ್ತಿದರೆ ಗುರುತಿನಿಂದ ಎರಡು ಮೂರು ಎಂಎಂ ಆಚೆಯವರೆಗೂ ಚಕ್ಕೆ ಹಾರುತ್ತದೆ. ಮುಂಬದಿ ಕೆಡುವುದು ಹಲ್ಲಿನ ಆಕಾರದಿಂದ, ಹಲ್ಲು ತಿರುಗುವ ದಿಕ್ಕಿನಿಂದ.

ಜೆಲ್‌ಕೋಟ್‌ನ ಕೆಳಗೆ ಗಾಜಿನ ನಾರಿನ ಪದರಗಳು. ಕತ್ತರಿಸಿದ ತುಂಡು ನಾರಿನ ಮ್ಯಾಟ್ ಇರಬಹುದು, ನೇಯ್ದ ದಪ್ಪ ಬಟ್ಟೆ ಇರಬಹುದು. ಗಾಜು ಉಕ್ಕಿನ ಅಂಚನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಹೊಸ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಮೊದಲ ಕೆಲವು ತೂತುಗಳನ್ನು ಚೆಂದವಾಗಿ ಕೊರೆದು, ಆಮೇಲೆ ಕತ್ತರಿಸುವುದನ್ನು ಬಿಟ್ಟು ತಳ್ಳತೊಡಗುತ್ತದೆ. ಮೊಂಡಾದ ಬಿಟ್ಟನ್ನು ಒತ್ತಿ ಹಿಡಿದಾಗ ಕೊನೆಯ ಪದರಕ್ಕೆ ಹಿಂದೆ ಆಸರೆ ಇಲ್ಲದೆ ನಾರು ಬಿಟ್ಟುಕೊಂಡು ಹೊರಗೆ ಬಾಗುತ್ತದೆ. ಹಿಂಬದಿ ಸೀಳುವುದಕ್ಕೆ ಕಾರಣ ಇದೇ: ಮೊಂಡು ಅಂಚು, ಹೆಚ್ಚು ಒತ್ತಡ, ಆಸರೆ ಇಲ್ಲದಿರುವುದು.

ಮೂರನೆಯದು ಬಿಸಿ. ಗಟ್ಟಿಯಾದ ಪಾಲಿಯೆಸ್ಟರ್ ರೆಸಿನ್ ಲೋಹದಂತೆ ಕರಗುವುದಿಲ್ಲ. ಸಾಮಾನ್ಯ ದರ್ಜೆಯದಾದರೆ ನೂರು ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮುಂಚೆಯೇ ಮೆತ್ತಗಾಗುತ್ತದೆ, ಇನ್ನೂ ಬಿಸಿಯಾದರೆ ಸುಡುತ್ತದೆ. ಫೈಬರ್‌ಗ್ಲಾಸ್ ಶಾಖವನ್ನು ಬೇಗ ಹರಡುವ ವಸ್ತುವೂ ಅಲ್ಲ. ಹುಟ್ಟಿದ ಬಿಸಿಯೆಲ್ಲ ತೂತಿನ ಗೋಡೆಯಲ್ಲಿ, ಬಿಟ್ಟಿನಲ್ಲಿ ಉಳಿಯುತ್ತದೆ. ಘಾಟು ವಾಸನೆ ಬಂತೆಂದರೆ ವೇಗ ಹೆಚ್ಚಾಗಿದೆ, ಇಲ್ಲವೇ ಬಿಟ್ ಮೊಂಡಾಗಿದೆ, ಇಲ್ಲವೇ ಧೂಳು ಒಳಗೇ ಕಟ್ಟಿಕೊಂಡಿದೆ. ಆ ಹಂತದಲ್ಲಿ ಇನ್ನಷ್ಟು ಒತ್ತಿದರೆ ಕೆಲಸ ಮುಂದೆ ಹೋಗುವುದಿಲ್ಲ, ಅಂಚು ಮಾತ್ರ ಕರಕಲಾಗುತ್ತದೆ.

10 ಎಂಎಂ ವರೆಗಿನ ತೂತುಗಳಿಗೆ

ನಾಲ್ಕೈದು ತೂತಿಗೆ ಹೊಸ, ಚೂಪಾದ ಎಚ್‌ಎಸ್‌ಎಸ್ ಟ್ವಿಸ್ಟ್ ಬಿಟ್ ಸಾಕು. ಹೊಸದು ಎನ್ನುವುದನ್ನು ಸಡಿಲ ಬಿಡಬೇಡಿ. ಲೋಹಕ್ಕೆ ಬಳಸಿ ಪೆಟ್ಟಿಗೆಯಲ್ಲಿ ಬಿದ್ದಿರುವ ಬಿಟ್ ಇಲ್ಲಿ ಬೇಡ. 6 ಎಂಎಂ ಬಿಟ್ಟಿಗೆ 1000ದಿಂದ 1500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹಿತವಾದ ವೇಗ. ಹತ್ತಾರು ತೂತುಗಳಿದ್ದರೆ ಕಾರ್ಬೈಡ್ (ಉಕ್ಕಿಗಿಂತ ಬಹಳ ಗಡುಸಾದ ವಸ್ತು) ತುದಿಯ ಬಿಟ್ ಅಥವಾ ಪೂರ್ತಿ ಕಾರ್ಬೈಡ್ ಬಿಟ್ ತೆಗೆದುಕೊಳ್ಳಿ. ಪೂರ್ತಿ ಕಾರ್ಬೈಡ್ ಬಿಟ್ ಅಂಚು ಬಹಳ ಕಾಲ ಉಳಿಸಿಕೊಳ್ಳುತ್ತದೆ. ಆದರೆ ಕೈ ಸ್ವಲ್ಪ ವಾಲಿದರೂ ಪಟಕ್ಕನೆ ಮುರಿಯುತ್ತದೆ. ಅದು ಸ್ಟ್ಯಾಂಡಿಗೆ ಬಿಗಿದ ಡ್ರಿಲ್ಲಿಗೆ ಹೇಳಿ ಮಾಡಿಸಿದ್ದು. ಬಹುಪಾಲು ಸರ್ಕ್ಯೂಟ್ ಬೋರ್ಡುಗಳು ಎಪಾಕ್ಸಿ ರೆಸಿನ್ ಮತ್ತು ಗಾಜಿನ ಬಟ್ಟೆಯಿಂದ ಆದವು, ಅವುಗಳ ಸಣ್ಣ ತೂತುಗಳನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಕೊರೆಯುವುದು ಪೂರ್ತಿ ಕಾರ್ಬೈಡ್ ಬಿಟ್ಟಿನಿಂದ. ಹಾಗೇ ಜಿ10, ಎಫ್‌ಆರ್4 ಎಂಬ ಎಪಾಕ್ಸಿ-ಗಾಜಿನ ಹಾಳೆಗಳಿಗೆ ಎಚ್‌ಎಸ್‌ಎಸ್ ಹಾಕಿ ಒದ್ದಾಡುವುದಕ್ಕಿಂತ ಮೊದಲೇ ಕಾರ್ಬೈಡ್‌ಗೆ ಹೋಗುವುದು ಲೇಸು.

ಬ್ರ್ಯಾಡ್ ಪಾಯಿಂಟ್ ಬಿಟ್, ಅಂದರೆ ನಡುವೆ ಮೊನೆ, ಎರಡು ಬದಿಯಲ್ಲಿ ಚೂಪು ಕಿವಿ ಇರುವ ಮರದ ಬಿಟ್, ಜೆಲ್‌ಕೋಟ್ ಮೇಲೆ ತುಂಬ ಒಳ್ಳೆಯ ಅಂಚು ಕೊಡುತ್ತದೆ. ಕಿವಿಗಳು ಮೊದಲು ವೃತ್ತ ಗೀರಿಕೊಳ್ಳುವುದರಿಂದ ಚಕ್ಕೆ ಆ ಗೀರನ್ನು ದಾಟುವುದಿಲ್ಲ. ಆದರೆ ಆ ಕಿವಿಗಳು ಗಾಜಿಗೆ ಬೇಗ ಸೋಲುತ್ತವೆ. ಕೆಲವೇ ತೂತುಗಳಿದ್ದು ಅಂಚು ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಮಾತ್ರ ಅದನ್ನು ಬಳಸಿ.

ಗೋಡೆ ಕೊರೆಯುವ ಮೇಸನ್ರಿ ಬಿಟ್ ಬೇಡವೇ ಬೇಡ. ಅದರ ತುದಿಯಲ್ಲಿ ಕಾರ್ಬೈಡ್ ಇರುವುದು ನಿಜ, ಆದರೆ ಅದನ್ನು ಕುಟ್ಟಿ ಪುಡಿ ಮಾಡಲು ಮೊಂಡಾಗಿಯೇ ಮಾಡಿರುತ್ತಾರೆ. ಇಲ್ಲಿ ಅದು ಉಜ್ಜಿ ಬಿಸಿ ಮಾಡುತ್ತದೆ ಅಷ್ಟೆ. ಮೆಷೀನಿನಲ್ಲಿ ಹ್ಯಾಮರ್ ಸ್ವಿಚ್ ಇದ್ದರೆ ಅದು ಆಫ್ ಆಗಿದೆಯೇ ಎಂದು ಪ್ರತಿ ಸಲ ನೋಡಿ. ಒಂದು ಸೆಕೆಂಡಿನ ಹ್ಯಾಮರ್ ಸಾಕು, ಜೆಲ್‌ಕೋಟ್ ನಕ್ಷತ್ರದಂತೆ ಬಿರಿಯುತ್ತದೆ. ಅಗಲ ಬಾಯಿಯ ಸ್ಪೇಡ್ ಬಿಟ್ಟೂ ಬೇಡ. ಅದು ಹಿಂಬದಿಗೆ ತಲುಪಿದ ಕ್ಷಣ ನಾರಿಗೆ ಸಿಕ್ಕಿಕೊಂಡು ದೊಡ್ಡ ತುಣುಕನ್ನೇ ಕಿತ್ತು ಹಾಕುತ್ತದೆ.

ಈ ಅಳತೆಯ ತೂತುಗಳಿಗೆ ಕೌಂಟರ್‌ಸಿಂಕ್ ಬಿಟ್ (ತೂತಿನ ಬಾಯಿಯನ್ನು ಇಳಿಜಾರಾಗಿ ಅಗಲಿಸುವ ಬಿಟ್) ಇಟ್ಟುಕೊಳ್ಳಲೇಬೇಕು. ಅದನ್ನು ಎರಡು ಕಡೆ ಬಳಸಬಹುದು. ಸಣ್ಣ ಪೈಲಟ್ ತೂತು (ದೊಡ್ಡ ಬಿಟ್ಟಿಗೆ ದಾರಿ ತೋರುವ ಮೊದಲ ತೂತು) ಕೊರೆದು, ಕೌಂಟರ್‌ಸಿಂಕ್‌ನಿಂದ ಅಂತಿಮ ವ್ಯಾಸಕ್ಕಿಂತ ಕೂದಲೆಳೆ ಹೆಚ್ಚು ಅಗಲಕ್ಕೆ ಜೆಲ್‌ಕೋಟ್ ತೆಗೆದು, ಆಮೇಲೆ ದೊಡ್ಡ ಬಿಟ್ ಇಳಿಸಿದರೆ ಆ ಬಿಟ್ ಜೆಲ್‌ಕೋಟ್ ಮುಟ್ಟುವುದೇ ಇಲ್ಲ. ಎರಡನೆಯದು ಸ್ಕ್ರೂಗೆ. ಫೈಬರ್‌ಗ್ಲಾಸ್‌ಗೆ ನೇರ ಸ್ಕ್ರೂ ಹಾಕುವಾಗ ಅದರ ಮರೆ (ಥ್ರೆಡ್) ಜೆಲ್‌ಕೋಟನ್ನು ಮೇಲಕ್ಕೆತ್ತುತ್ತದೆ. ತೂತಿನ ಸುತ್ತ ಕೂದಲಿನಂಥ ಬಿರುಕುಗಳು ಹುಟ್ಟುವುದು ಹಾಗೆ, ಎಷ್ಟೋ ಸಲ ಅವು ಕೆಲವು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಸ್ಕ್ರೂವಿನ ಮರೆಯ ಹೊರ ವ್ಯಾಸಕ್ಕಿಂತ ಅಗಲವಾಗಿ ಜೆಲ್‌ಕೋಟ್ ತೆಗೆದಿದ್ದರೆ ಮರೆ ನಾರಿನ ಪದರವನ್ನು ಮಾತ್ರ ಕಚ್ಚುತ್ತದೆ.

ತೆಳು ಹಾಳೆಗೆ ಸ್ಟೆಪ್ ಡ್ರಿಲ್

ಎರಡು ಮೂರು ಎಂಎಂ ದಪ್ಪದ ಹಾಳೆ, ಮೀಟರ್ ಪೆಟ್ಟಿಗೆ, ಚಾವಣಿ ಶೀಟು ಇವುಗಳಲ್ಲಿ 8ರಿಂದ 30 ಎಂಎಂ ತೂತಿಗೆ ಮೆಟ್ಟಿಲು ಮೆಟ್ಟಿಲಾದ ಸ್ಟೆಪ್ ಡ್ರಿಲ್ ಬಲು ಅನುಕೂಲ. ಅದು ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಅಗಲಿಸುತ್ತದೆ, ಗಬಕ್ಕನೆ ಕಚ್ಚಿಕೊಳ್ಳುವುದಿಲ್ಲ, ತೂತು ಗುಂಡಗೆ ಬರುತ್ತದೆ. ಬೇಕಾದ ಮೆಟ್ಟಿಲು ದಾಟಿದ ಮೇಲೆ ಮುಂದಿನ ಮೆಟ್ಟಿಲಿನ ಅಂಚನ್ನು ಒಂದಿಷ್ಟು ತಾಗಿಸಿದರೆ ತೂತಿನ ಬಾಯಿಯ ಚೂಪು ಸಹ ಹೋಗುತ್ತದೆ. ಇದಕ್ಕೆ ಮಿತಿ ಒಂದೇ: ಹಾಳೆಯ ದಪ್ಪ ಒಂದು ಮೆಟ್ಟಿಲಿನ ಎತ್ತರಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಮುಂಬದಿ ಒಂದು ಅಳತೆ, ಹಿಂಬದಿ ಇನ್ನೊಂದು ಅಳತೆ ಆಗುತ್ತದೆ. ಬೇಕಾದ ಮೆಟ್ಟಿಲಿನ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ. ತಿರುಗುವಾಗ ಮೆಟ್ಟಿಲು ಎಣಿಸಲು ಆಗುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ.

20 ಎಂಎಂ ದಾಟಿದರೆ ಹೋಲ್‌ಸಾ

ಇಲ್ಲಿ ಆಯ್ಕೆ ಮೂರು.

ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದ) ಹೋಲ್‌ಸಾ ಎಲ್ಲ ಕಡೆ ಸಿಗುತ್ತದೆ, ಬೆಲೆ ಕಡಿಮೆ. ಅದರ ಹಲ್ಲು ದಪ್ಪ. ಮುಂದಕ್ಕೆ ತಿರುಗಿಸಿ ನೇರ ಇಳಿಸಿದರೆ ಜೆಲ್‌ಕೋಟ್ ಚಕ್ಕೆ ಏಳುವುದು ಬಹುತೇಕ ಖಚಿತ. ಆದರೆ ಡ್ರಿಲ್ಲನ್ನು ರಿವರ್ಸ್‌ಗೆ ಹಾಕಿ ಮೊದಲು ಜೆಲ್‌ಕೋಟ್ ಮಾತ್ರ ಉಜ್ಜಿ ದಾಟಿಸಿ, ಆಮೇಲೆ ಮುಂದಕ್ಕೆ ತಿರುಗಿಸಿದರೆ ಒಪ್ಪುವಂಥ ಅಂಚು ಬರುತ್ತದೆ. ಒಂದೆರಡು ತೂತಿಗೆ ಇದೇ ಸಾಕು. ನಾಲ್ಕು ಎಂಎಂ ದಪ್ಪದ ಲ್ಯಾಮಿನೇಟ್‌ನಲ್ಲಿ (ರೆಸಿನ್ ಮತ್ತು ನಾರಿನ ಪದರಗಳ ಹಾಳೆ) ಕೆಲವು ತೂತಾಗುವಷ್ಟರಲ್ಲಿ ಹಲ್ಲಿನ ಮೊನೆ ಗುಂಡಗಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಿ.

ಕಾರ್ಬೈಡ್ ಗ್ರಿಟ್ ಹೋಲ್‌ಸಾಗೆ ಹಲ್ಲುಗಳೇ ಇಲ್ಲ. ಬಾಯಿಯ ಸುತ್ತ ಟಂಗ್‌ಸ್ಟನ್ ಕಾರ್ಬೈಡ್ ಕಣಗಳನ್ನು ಬೆಸೆದಿರುತ್ತಾರೆ. ಅದು ಕತ್ತರಿಸುವುದಿಲ್ಲ, ತೇಯುತ್ತದೆ. ಸಿಕ್ಕಿಕೊಳ್ಳಲು ಹಲ್ಲಿಲ್ಲದ್ದರಿಂದ ಜೆಲ್‌ಕೋಟ್ ಎದ್ದು ಹಾರುವುದಿಲ್ಲ, ಹಿಂಬದಿಯ ನಾರೂ ಕಿತ್ತು ಬರುವುದಿಲ್ಲ. ಫೈಬರ್‌ಗ್ಲಾಸ್ ಕೆಲಸ ಆಗಾಗ ಮಾಡುವವರು ಒಂದೇ ಬಗೆ ಕೊಳ್ಳಬೇಕೆಂದಿದ್ದರೆ ಇದನ್ನೇ ಕೊಳ್ಳಲಿ. ಬಾಯಿಯ ಸುತ್ತ ಅಲ್ಲಲ್ಲಿ ಕಚ್ಚು ಬಿಟ್ಟಿರುವುದನ್ನು ಆರಿಸಿ. ಐದು ಎಂಎಂಗಿಂತ ದಪ್ಪದ ಲ್ಯಾಮಿನೇಟ್‌ನಲ್ಲಿ ಧೂಳು ಹೊರಬರಲು ಆ ಕಚ್ಚುಗಳೇ ದಾರಿ. ಪೂರ್ತಿ ಸಪಾಟು ಬಾಯಿಯದು ತೆಳು ಹಾಳೆಗೆ ಚೆನ್ನ, ದಪ್ಪದ್ದರಲ್ಲಿ ಧೂಳು ಕಟ್ಟಿಕೊಂಡು ಬಿಸಿಯಾಗುತ್ತದೆ.

ವಜ್ರದ ಕಣದ ಹೋಲ್‌ಸಾ ಅತಿ ನಯವಾದ ಅಂಚು ಕೊಡುತ್ತದೆ, ಬಹಳ ಬಾಳುತ್ತದೆ. ದಪ್ಪ ಎಪಾಕ್ಸಿ ಲ್ಯಾಮಿನೇಟ್, ಒಂದೇ ಅಳತೆಯ ಹತ್ತಾರು ತೂತುಗಳು ಇದ್ದಾಗ ಬೆಲೆ ಹೊರೆಯಾಗುವುದಿಲ್ಲ. ಟೈಲ್ಸ್‌ಗೆಂದು ಮಾರುವ ವಜ್ರದ ಹೋಲ್‌ಸಾಗಳಲ್ಲಿ ಬಹಳಷ್ಟಕ್ಕೆ ನಡುವೆ ಪೈಲಟ್ ಬಿಟ್ ಇರುವುದಿಲ್ಲ. ಅಂಥದ್ದು ನಯವಾದ ಜೆಲ್‌ಕೋಟ್ ಮೇಲೆ ಜಾರಿಕೊಂಡು ಹೋಗಿ ಅರ್ಧ ಚಂದ್ರದ ಗೀರು ಬಿಡುತ್ತದೆ. ಅದೇ ಅಳತೆಯ ತೂತಿರುವ ಪ್ಲೈವುಡ್ ತುಂಡನ್ನು ಎರಡು ಬದಿ ಅಂಟುವ ಟೇಪಿನಿಂದ ಮೇಲೆ ಕೂರಿಸಿ, ಅದರೊಳಗೆ ಹೋಲ್‌ಸಾ ಇಳಿಸಬೇಕು.

ವೇಗಕ್ಕೆ ಒಂದು ಸುಲಭ ಲೆಕ್ಕ: ಎಂಎಂನಲ್ಲಿರುವ ವ್ಯಾಸದಿಂದ 15,000ವನ್ನು ಭಾಗಿಸಿ. 25 ಎಂಎಂ ಹೋಲ್‌ಸಾಗೆ 600 ಆರ್‌ಪಿಎಂ, 50ಕ್ಕೆ 300, 75ಕ್ಕೆ 200, 100ಕ್ಕೆ 150. ಇದು ಆರಂಭದ ಅಂದಾಜು. ವ್ಯಾಸ ದೊಡ್ಡದಾದಷ್ಟೂ ಅಂಚು ಹೆಚ್ಚು ದೂರ ಓಡುತ್ತದೆ, ಆದ್ದರಿಂದ ಮೆಷೀನು ನಿಧಾನ ತಿರುಗಬೇಕು ಎಂಬುದು ತಿರುಳು. ಗೇರ್ ಇರುವ ಡ್ರಿಲ್ ಆದರೆ ಒಂದನೇ ಗೇರಿಗೆ ಹಾಕಿ. ವಜ್ರದ ಕಣ ಇದಕ್ಕಿಂತ ಹೆಚ್ಚು ವೇಗ ತಾಳುತ್ತದೆ, ಆದರೆ ನೀರಿಲ್ಲದೆ ಓಡಿಸಿದರೆ ರೆಸಿನ್ ತಾಳುವುದಿಲ್ಲ.

ಎಷ್ಟು ಅಗಲದ ತೂತು?

ಪೈಪಿನ ಹೆಸರಿನ ಅಳತೆ ತೂತಿನ ಅಳತೆಯಲ್ಲ. ಅರ್ಧ ಇಂಚಿನ ಬಿಎಸ್‌ಪಿ (ಪೈಪು ಮರೆಯ ಬ್ರಿಟಿಷ್ ಮಾನಕ) ಮರೆಯ ಹೊರ ವ್ಯಾಸ ಸುಮಾರು 21 ಎಂಎಂ, ಮುಕ್ಕಾಲು ಇಂಚಿನದು 26.4, ಒಂದು ಇಂಚಿನದು 33.2. ಟ್ಯಾಂಕಿಗೆ ಹಾಕುವ ಫಿಟಿಂಗ್‌ನ ಮೈ ಇದಕ್ಕಿಂತಲೂ ದಪ್ಪ ಇರಬಹುದು. ಆದ್ದರಿಂದ ಫಿಟಿಂಗ್ ಕೈಯಲ್ಲಿ ಹಿಡಿದು ವರ್ನಿಯರ್‌ನಿಂದ ಅಳೆದು, ಅದಕ್ಕೆ 1 ಎಂಎಂ ಸೇರಿಸಿ. ಹೋಲ್‌ಸಾ ತನ್ನ ಮೇಲೆ ಬರೆದ ಅಳತೆಗಿಂತ ತುಸು ಅಗಲವಾಗಿಯೇ ಕೊರೆಯುತ್ತದೆ. ಹಾಗಾಗಿ ಅದೇ ಬಗೆಯ ತುಂಡಿನಲ್ಲೋ, ಸಿಗದಿದ್ದರೆ ಪ್ಲೈವುಡ್‌ನಲ್ಲೋ ಒಂದು ತೂತು ಕೊರೆದು ಫಿಟಿಂಗ್ ಕೂರಿಸಿ ನೋಡಿ. ಚಾವಣಿ ಶೀಟಿಗೆ ಸ್ಕ್ರೂ ಹಾಕುವಾಗ ಸ್ಕ್ರೂವಿಗಿಂತ 2–3 ಎಂಎಂ ದೊಡ್ಡ ತೂತು ಬೇಕು. ಬಿಸಿಲಿಗೆ ಶೀಟು ಹಿಗ್ಗುತ್ತದೆ, ಬಿಗಿ ತೂತಾದರೆ ಅಲ್ಲಿಂದಲೇ ಸೀಳುತ್ತದೆ. ಸೋರದಂತೆ ನೋಡಿಕೊಳ್ಳುವುದು ರಬ್ಬರ್ ವಾಷರಿನ ಕೆಲಸ.

ಧೂಳಿಗೆ ಮೊದಲೇ ಸಿದ್ಧರಾಗಿ

ಈ ಧೂಳಿನಲ್ಲಿ ರೆಸಿನ್ ಪುಡಿಯ ಜೊತೆ ಗಾಜಿನ ನಾರಿನ ತುಣುಕುಗಳಿವೆ. ಚರ್ಮಕ್ಕೆ ಚುಚ್ಚಿ ತುರಿಕೆ ಬರುತ್ತದೆ, ಕಣ್ಣಿಗೆ ಬಿದ್ದರೆ ಗೀರುತ್ತದೆ, ಶ್ವಾಸಕೋಶಕ್ಕೆ ಹೋಗಬಾರದು. ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್, ಪಕ್ಕಗಳೂ ಮುಚ್ಚುವ ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ತೋಳಿನ ತುದಿಗೆ ಗುಂಡಿ ಹಾಕಿರಬೇಕು. ಡ್ರಿಲ್ ಹಿಡಿದಾಗ ಸಡಿಲ ಬಟ್ಟೆಯ ಕೈಗವಸು ಅಪಾಯ, ತಿರುಗುವ ಬಿಟ್ ಅದನ್ನು ಸುತ್ತಿಕೊಳ್ಳುತ್ತದೆ. ಬೇಕಿದ್ದರೆ ಚರ್ಮಕ್ಕೆ ಅಂಟಿ ಕೂರುವ ತೆಳು ನೈಟ್ರೈಲ್ ಗವಸು ಹಾಕಿ. ವ್ಯಾಕ್ಯೂಮ್ ಕೊಳವೆಯನ್ನು ತೂತಿನ ಪಕ್ಕದಲ್ಲೇ ಟೇಪಿನಿಂದ ಅಂಟಿಸಿಟ್ಟರೆ ಧೂಳಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ನಯವಾದ ಧೂಳನ್ನು ಹಿಡಿಯುವ ಹೆಪಾ ಫಿಲ್ಟರ್ ಅದರಲ್ಲಿರಬೇಕು, ಇಲ್ಲದಿದ್ದರೆ ಒಂದು ಕಡೆ ಎಳೆದು ಇನ್ನೊಂದು ಕಡೆ ಉಗುಳುತ್ತದೆ. ಕೆಲಸ ಮುಗಿದ ಮೇಲೆ ಗಾಳಿ ಊದಿ ಧೂಳು ಹಾರಿಸಬೇಡಿ. ಕೈಯನ್ನು ಉಜ್ಜದೆ ತಣ್ಣೀರು ಸುರಿದು ತೊಳೆಯಿರಿ, ಸೋಪು ಆಮೇಲೆ. ಬಟ್ಟೆಯನ್ನು ಮನೆಯವರ ಬಟ್ಟೆಗಳಿಂದ ಬೇರೆಯಾಗಿ ಒಗೆಯಿರಿ.

ಹೋಲ್‌ಸಾದಿಂದ ಕೊರೆಯುವ ಕ್ರಮ

1. ಹಿಂಬದಿ ನೋಡಿ. ವೈರು, ಪೈಪು, ಪಟ್ಟಿ, ಒಳಗಟ್ಟು ಏನಿದೆ ಎಂದು ತಿಳಿಯದೆ ಗುರುತು ಹಾಕಬೇಡಿ.

2. ಜಾಗ ಒರೆಸಿ, ಅಗಲದ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ, ಅದರ ಮೇಲೆ ನಡುಬಿಂದು ಮತ್ತು ವೃತ್ತ ಬರೆಯಿರಿ. ಟೇಪ್ ಅಂಟಿಸಿದರೆ ಚಕ್ಕೆ ಏಳುವುದಿಲ್ಲ ಎಂಬ ನಂಬಿಕೆ ಇದೆ. ಅದು ಅರ್ಧ ಮಾತ್ರ ಸರಿ. ಗುರುತು ಕಾಣಲು, ಬಿಟ್ ಜಾರದಿರಲು, ಮೆಷೀನು ತಾಗಿ ಗೀರಾಗದಿರಲು ಟೇಪ್ ಬೇಕೇ ಬೇಕು. ಆದರೆ ಮೊಂಡು ಹಲ್ಲಿನಿಂದ ಅದು ಜೆಲ್‌ಕೋಟನ್ನು ಕಾಪಾಡುವುದಿಲ್ಲ.

3. ಹಿಂಬದಿಗೆ ಕೈ ಎಟುಕುವುದಾದರೆ ಒಂದು ಹಲಗೆಯನ್ನು ಕ್ಲಾಂಪ್‌ನಿಂದ ಬಿಗಿಯಾಗಿ ಒತ್ತಿ ಹಿಡಿಸಿ. ನಡುವೆ ಸಂದು ಉಳಿದರೆ ಹಲಗೆ ಇದ್ದೂ ಇಲ್ಲದಂತೆ.

4. ಸುತ್ತಿಗೆ ಮತ್ತು ಸೆಂಟರ್ ಪಂಚ್ ಬೇಡ, ಒಂದೇ ಏಟಿಗೆ ಜೆಲ್‌ಕೋಟ್ ಬಿರಿಯಬಹುದು. ಮೊನೆಯ ದಬ್ಬಳದಿಂದ ಕೈಯಲ್ಲೇ ತಿರುಗಿಸಿ ಸಣ್ಣ ಕುಳಿ ಮಾಡಿ. ಮೊದಲು 3 ಎಂಎಂ ಬಿಟ್, ಆಮೇಲೆ ಹೋಲ್‌ಸಾದ ಪೈಲಟ್ ಅಳತೆಯ ಬಿಟ್ ಹಾಕಿ ನೇರವಾಗಿ ಕೊರೆಯಿರಿ. ಪೈಲಟ್ ವಾಲಿದರೆ ಹೋಲ್‌ಸಾವೂ ವಾಲುತ್ತದೆ.

5. ಈಗ ಹೋಲ್‌ಸಾದ ಪೈಲಟ್ ಬಿಟ್ಟನ್ನು ತೆಗೆದು ಅದೇ ದಪ್ಪದ ನುಣುಪಾದ ಉಕ್ಕಿನ ಸರಳು ಸಿಕ್ಕಿಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಪೈಲಟ್ ಬಿಟ್ಟಿನ ಸುರುಳಿ ಅಂಚು ತಿರುಗುತ್ತಲೇ ತನ್ನ ತೂತನ್ನು ಅರೆದು ಅಗಲಿಸುತ್ತದೆ, ಹೋಲ್‌ಸಾ ಅಲ್ಲಾಡತೊಡಗಿ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನುಣುಪು ಸರಳು ಏನನ್ನೂ ಕತ್ತರಿಸುವುದಿಲ್ಲ, ನಡುಬಿಂದುವನ್ನು ಹಿಡಿದಿಡುತ್ತದೆ.

6. ಬೈಮೆಟಲ್ ಆದರೆ ಡ್ರಿಲ್ಲನ್ನು ರಿವರ್ಸ್‌ಗೆ ಹಾಕಿ. ಹೋಲ್‌ಸಾ ಮೇಲ್ಮೈ ಮುಟ್ಟುವ ಮುಂಚೆಯೇ ತಿರುಗುತ್ತಿರಲಿ. ಮೆಷೀನಿನ ತೂಕ ಮಾತ್ರ ಬಿಟ್ಟು, ಸುತ್ತಲೂ ಒಂದೇ ಆಳದ ಕಾಲುವೆ ಬೀಳುವ ತನಕ ಉಜ್ಜಿ. ಧೂಳಿನ ಬಣ್ಣ ನೋಡುತ್ತಿರಿ. ಜೆಲ್‌ಕೋಟ್‌ನ ಬಣ್ಣ ಹೋಗಿ ಹಸಿರು ಮಿಶ್ರಿತ ಅಥವಾ ತಿಳಿ ಹಳದಿ ಧೂಳು ಬಂದರೆ ನಾರಿನ ಪದರಕ್ಕೆ ಇಳಿದಿದ್ದೀರಿ. ಒಂದು ಎಚ್ಚರಿಕೆ: ಸಣ್ಣ ಹೋಲ್‌ಸಾಗಳ ಆರ್ಬರ್‌ಗೆ (ಹೋಲ್‌ಸಾವನ್ನು ಡ್ರಿಲ್ಲಿಗೆ ಹಿಡಿಸುವ ದಂಡ) ತಡೆಗೂಟ ಇರುವುದಿಲ್ಲ, ರಿವರ್ಸ್ ತಿರುಗಿಸಿದರೆ ಹೋಲ್‌ಸಾ ಮರೆಯಿಂದ ಬಿಚ್ಚಿಕೊಳ್ಳಬಹುದು. ಮೊದಲೇ ಬಿಗಿ ಮಾಡಿ, ಮೆಲ್ಲಗೆ ಒತ್ತಿ.

7. ಮುಂದಕ್ಕೆ ತಿರುಗಿಸಿ. ಎರಡು ಮೂರು ಸೆಕೆಂಡು ಕೊರೆದು ಹೊರಗೆಳೆಯಿರಿ, ಧೂಳು ಉದುರಲಿ, ಮತ್ತೆ ಇಳಿಸಿ. 75 ಎಂಎಂ ಮತ್ತು ಮೇಲಿನ ಹೋಲ್‌ಸಾ ಸಿಕ್ಕಿಕೊಂಡರೆ ಮಣಿಕಟ್ಟು ತಿರುಚಿಬಿಡುತ್ತದೆ. ಪಕ್ಕದ ಹಿಡಿ ಹಾಕಿ ಎರಡೂ ಕೈಯಲ್ಲಿ ಹಿಡಿಯಿರಿ, ಕ್ಲಚ್ ಇದ್ದರೆ ಕಡಿಮೆಗೆ ಇಡಿ.

8. ಹಿಂಬದಿಗೆ ಹೋಗಲು ಸಾಧ್ಯವಿದ್ದರೆ ಅರ್ಧ ದಪ್ಪ ದಾಟಿದ ಮೇಲೆ ನಿಲ್ಲಿಸಿ, ಅದೇ ಪೈಲಟ್ ತೂತಿನ ಮೂಲಕ ಆಚೆಯಿಂದ ಕೊರೆದು ಮುಗಿಸಿ. ಎರಡೂ ಮುಖ ಶುದ್ಧವಾಗಿ ಬರಲು ಒಳ್ಳೆಯ ದಾರಿ ಇದು. ಹಾಗೆ ಮಾಡುವುದಾದರೆ 3ನೇ ಹೆಜ್ಜೆಯ ಹಲಗೆ ಬೇಡ. ಹೋಗಲಾಗದಿದ್ದರೆ ಕೊನೆಯ ಒಂದು ಎಂಎಂನಲ್ಲಿ ಒತ್ತಡವನ್ನು ಪೂರ್ತಿ ಬಿಡಿ.

ವಜ್ರದ ಹೋಲ್‌ಸಾ ಬಳಸುವಾಗ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದರೆ ಬಿಸಿಯೂ ಇಲ್ಲ, ಧೂಳೂ ಹಾರುವುದಿಲ್ಲ. ಆಗ ಬ್ಯಾಟರಿ ಡ್ರಿಲ್ ಮಾತ್ರ ಬಳಸಿ, ಕರೆಂಟಿನ ವೈರು ಇರುವ ಮೆಷೀನು ಕೂಡದು. ಒಳಗೆ ಮರದ ತಿರುಳಿರುವ ಫಲಕಕ್ಕೆ ನೀರು ಬೇಡ.

ಚೌಕ ಕಂಡಿ, ದೊಡ್ಡ ಕಂಡಿ

ಕಿಟಕಿ, ಮುಚ್ಚಳ, ಸ್ಪೀಕರ್ ಇಂಥ ಕಂಡಿಗಳಿಗೆ ಮೊದಲು ನಾಲ್ಕು ಮೂಲೆಗಳಲ್ಲಿ ಹೋಲ್‌ಸಾದಿಂದ 25ರಿಂದ 50 ಎಂಎಂ ತೂತು ಕೊರೆಯಿರಿ, ಆಮೇಲೆ ಅವುಗಳನ್ನು ಜಿಗ್‌ಸಾದಿಂದ ಜೋಡಿಸಿ. ಚೂಪು ಮೂಲೆ ಬಿಟ್ಟರೆ ಎಳೆತವೆಲ್ಲ ಅಲ್ಲಿ ಸೇರಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಜಿಗ್‌ಸಾಗೆ ಕಾರ್ಬೈಡ್ ಗ್ರಿಟ್ ಬ್ಲೇಡ್ ಹಾಕಿ. ಸಾಮಾನ್ಯ ಬ್ಲೇಡಿನ ಹಲ್ಲು ಮೇಲಕ್ಕೆ ಎಳೆಯುತ್ತಾ ಕತ್ತರಿಸುವುದರಿಂದ ಜೆಲ್‌ಕೋಟ್ ಎದ್ದು ಬರುತ್ತದೆ. ಕೆಳಮುಖ ಹಲ್ಲಿನ ಬ್ಲೇಡ್ ಅಂಚನ್ನು ಉಳಿಸುತ್ತದೆ, ಆದರೆ ಮೆಷೀನನ್ನು ಮೇಲಕ್ಕೆ ತಳ್ಳುತ್ತದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆರ್ಬಿಟಲ್ ಗುಂಡಿ (ಬ್ಲೇಡನ್ನು ಹಿಂದೆ ಮುಂದೆಯೂ ತೂಗಿಸುವುದು) ಸೊನ್ನೆಯಲ್ಲಿರಲಿ. ಮೆಷೀನಿನ ತಳಕ್ಕೂ ಟೇಪ್ ಅಂಟಿಸಿ, ಇಲ್ಲದಿದ್ದರೆ ಧೂಳಿನ ಮೇಲೆ ಜಾರುತ್ತಾ ಅದೇ ಹೊಳಪನ್ನು ಗೀರುತ್ತದೆ. ಕಂಡಿಯ ಕೊನೆಯ ಬದಿ ಕತ್ತರಿಸುವಾಗ ತುಂಡು ಜೋತು ಬಿದ್ದು ಅಂಚನ್ನು ಹರಿಯದಂತೆ ಟೇಪು ಅಥವಾ ಕಟ್ಟಿಗೆಯಿಂದ ಹಿಡಿದಿಡಿ.

ಆಂಗಲ್ ಗ್ರೈಂಡರ್‌ನ ವಜ್ರದ ಡಿಸ್ಕ್ ದಪ್ಪ ಲ್ಯಾಮಿನೇಟನ್ನು ಬೆಣ್ಣೆಯಂತೆ ಸೀಳುತ್ತದೆ. ನೇರ ಗೆರೆಗೆ ಮಾತ್ರ. ಡಿಸ್ಕ್ ದುಂಡಗಿರುವುದರಿಂದ ಮೂಲೆಯಲ್ಲಿ ಗೆರೆ ದಾಟದೆ ಹಿಂಬದಿ ತನಕ ಕತ್ತರಿಸಲಾಗದು, ಧೂಳಂತೂ ಮೋಡದಂತೆ ಏಳುತ್ತದೆ. ಅಂಥ ಮೂಲೆಗಳನ್ನು ಮುಗಿಸಲು, ಗೋಡೆಗೆ ಅಂಟಿದ ಇಕ್ಕಟ್ಟು ಜಾಗಕ್ಕೆ ಗ್ರಿಟ್ ಬ್ಲೇಡ್ ಹಾಕಿದ ಆಸಿಲೇಟಿಂಗ್ ಮಲ್ಟಿಟೂಲ್ ಸರಿ. ನಿಧಾನ, ಆದರೆ ಕೈ ತಪ್ಪುವುದಿಲ್ಲ. ಒಂದೇ ಆಕಾರದ ಹಲವು ಕಂಡಿಗಳಿದ್ದರೆ ಪ್ಲೈವುಡ್ ಅಚ್ಚು ಮಾಡಿ, ಫೈಬರ್‌ಗ್ಲಾಸ್‌ಗೆಂದೇ ಬರುವ ಕಾರ್ಬೈಡ್ ಬಿಟ್ಟನ್ನು ರೂಟರ್‌ಗೆ ಹಾಕಿ. ಅದರ ಮೈಮೇಲೆ ಅಡ್ಡಡ್ಡ ಕೊರೆದ ವಜ್ರಾಕಾರದ ಚೂಪು ಹಲ್ಲುಗಳಿರುತ್ತವೆ. ಅಂಚಿನ ನಯದಲ್ಲಿ ಇದಕ್ಕೆ ಸಾಟಿಯಿಲ್ಲ.

ಇರುವ ತೂತನ್ನು ಅಗಲಿಸುವುದು, ಬಾಗಿದ ಮೈಗೆ ಕೊರೆಯುವುದು

ಹಳೆಯ 40 ಎಂಎಂ ತೂತನ್ನು 60ಕ್ಕೆ ಏರಿಸಬೇಕಾದರೆ ಪೈಲಟ್‌ಗೆ ನಡುವೆ ಏನೂ ಉಳಿದಿರುವುದಿಲ್ಲ. ಪ್ಲೈವುಡ್‌ನಲ್ಲಿ 60 ಎಂಎಂ ತೂತು ಕೊರೆದು ಅದನ್ನೇ ಅಚ್ಚಾಗಿ ಮೇಲೆ ಕ್ಲಾಂಪ್ ಮಾಡಿ, ಪೈಲಟ್ ತೆಗೆದ ಹೋಲ್‌ಸಾವನ್ನು ಅದರೊಳಗೆ ಇಳಿಸಿ. ಇನ್ನೊಂದು ದಾರಿ, ಹಳೆಯ ತೂತಿಗೆ ಸರಿಯಾದ ಮರದ ಬಿಲ್ಲೆ ಮಾಡಿ ಹಿಂದಿನಿಂದ ಹಲಗೆಗೆ ಸ್ಕ್ರೂ ಹಾಕಿ ನಿಲ್ಲಿಸಿ, ಅದರ ನಡುವೆ ಹೊಸ ಪೈಲಟ್ ಕೊರೆಯುವುದು. ವ್ಯತ್ಯಾಸ ಎರಡು ಮೂರು ಎಂಎಂ ಮಾತ್ರವಾದರೆ ಹೋಲ್‌ಸಾ ಬೇಡ, ಡ್ರಿಲ್ಲಿಗೆ ಸ್ಯಾಂಡಿಂಗ್ ಡ್ರಮ್ ಹಾಕಿ ಗೆರೆ ತನಕ ತೇಯಿರಿ.

ಬಾಗಿದ ಮೈಯಲ್ಲಿ ಹೋಲ್‌ಸಾದ ಒಂದು ಬದಿ ಮೊದಲು ತಾಗುತ್ತದೆ. ಹಲ್ಲಿನ ಹೋಲ್‌ಸಾ ಆದರೆ ಅಲ್ಲೇ ಸಿಕ್ಕಿ ಒದೆಯುತ್ತದೆ. ಇಲ್ಲಿ ಗ್ರಿಟ್ ಹೋಲ್‌ಸಾ ಎಷ್ಟೋ ಸೌಮ್ಯ. ಪೈಲಟ್ ಕೊರೆಯುವಾಗ ಎರಡು ದಿಕ್ಕಿನಿಂದ ಮೂಲೆಮಟ್ಟ ಇಟ್ಟು ನೇರ ನೋಡಿ, ನಂತರ ಸುತ್ತಲೂ ಕಾಲುವೆ ಕೂಡಿಕೊಳ್ಳುವವರೆಗೆ ಒತ್ತಡ ಹಾಕಬೇಡಿ.

ಒಳಗೆ ತಿರುಳಿರುವ ಫಲಕ

ದೋಣಿಯ ಮೇಲ್ತಳ, ದೊಡ್ಡ ಬಾಗಿಲು ಮುಂತಾದವುಗಳಲ್ಲಿ ಎರಡು ತೆಳು ಫೈಬರ್‌ಗ್ಲಾಸ್ ಹಾಳೆಗಳ ನಡುವೆ ಬಾಲ್ಸಾ ಮರ, ಫೋಮ್ ಅಥವಾ ಪ್ಲೈವುಡ್ ಇರುತ್ತದೆ. ಬೆರಳಿನಿಂದ ತಟ್ಟಿದಾಗ ಬರುವ ಸದ್ದು ಅನುಮಾನ ಹುಟ್ಟಿಸಬಹುದು, ಖಚಿತ ಉತ್ತರ ಕೊಡುವುದು ಪೈಲಟ್ ಬಿಟ್ಟಿನ ಸುರುಳಿಯಲ್ಲಿ ಬಂದ ಪುಡಿ. ಮರದ ಹೊಟ್ಟೋ ಫೋಮೋ ಕಂಡರೆ ಕೆಲಸದ ರೀತಿಯೇ ಬದಲಾಗುತ್ತದೆ. ಇಲ್ಲಿ ತೂತು ಎಷ್ಟೇ ಚೆಂದವಾಗಿ ಬಂದರೂ ಅದರೊಳಗೆ ತಿರುಳು ತೆರೆದೇ ಇದ್ದರೆ ನೀರು ಇಳಿಯುತ್ತದೆ, ಬಾಲ್ಸಾ ಕೊಳೆಯುತ್ತದೆ, ಹಾಳೆಗಳು ಬಿಟ್ಟುಕೊಳ್ಳುತ್ತವೆ. ಬೋಲ್ಟ್ ಬಿಗಿದರೆ ತಿರುಳು ಜಜ್ಜಿ ಮೇಲಿನ ಹಾಳೆ ಕುಳಿ ಬೀಳುತ್ತದೆ.

6 ಎಂಎಂ ಬೋಲ್ಟಿಗೆ ಉದಾಹರಣೆ. ಮೊದಲು 12 ಎಂಎಂ ತೂತು ಕೊರೆಯಿರಿ, ಕೆಳಗಿನ ಹಾಳೆಯನ್ನು ಹಾಗೇ ಉಳಿಸಿ. ಬಾಗಿಸಿದ ಮೊಳೆ ಅಥವಾ ಸಣ್ಣ ಆಲೆನ್ ಕೀ ತುಂಡನ್ನು ಡ್ರಿಲ್ಲಿಗೆ ಸಿಕ್ಕಿಸಿ, ಹಾಳೆಗಳ ನಡುವಿನ ತಿರುಳನ್ನು ಸುತ್ತಲೂ ಐದಾರು ಎಂಎಂ ಕೆರೆದು ತೆಗೆಯಿರಿ. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಮೊದಲು ತೆಳು ಎಪಾಕ್ಸಿ ಹಚ್ಚಿ ತಿರುಳು ಕುಡಿಯಲು ಬಿಡಿ. ನಂತರ ಫಿಲ್ಲರ್ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಿ. ಪೂರ್ತಿ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ಮರುದಿನ, ಅದರ ನಡುವೆ 6.5 ಎಂಎಂ ತೂತು ಕೊರೆಯಿರಿ. ಈಗ ಬೋಲ್ಟ್ ತಾಗುವುದು ಎಪಾಕ್ಸಿಯನ್ನು ಮಾತ್ರ.

ಅಂಚು ಮುಗಿಸುವುದು

ಟೇಪನ್ನು ತೂತಿನ ಕಡೆಗೆ ಎಳೆದು ತೆಗೆಯಿರಿ, ಹೊರಗೆ ಎಳೆದರೆ ಸಡಿಲವಾದ ಚಕ್ಕೆಯೂ ಬರುತ್ತದೆ. 120 ನಂಬರಿನ ಸ್ಯಾಂಡ್ ಪೇಪರನ್ನು ದುಂಡು ಕಡ್ಡಿಗೆ ಸುತ್ತಿ ಒಳಗೋಡೆ ಉಜ್ಜಿ, 240ರಿಂದ ಬಾಯಿಯ ಚೂಪನ್ನು ಅರ್ಧ ಎಂಎಂ ಮುರಿಯಿರಿ. ಅರ ಬಳಸುವುದಾದರೆ ಮುಂಬದಿಯಿಂದ ಒಳಕ್ಕೆ ತಳ್ಳುವ ದಿಕ್ಕಿನಲ್ಲಿ ಮಾತ್ರ. ಹಿಂದಕ್ಕೆ ಎಳೆದರೆ ಅಷ್ಟು ಹೊತ್ತು ಕಾಪಾಡಿದ ಜೆಲ್‌ಕೋಟ್ ಇಲ್ಲಿ ಹಾರುತ್ತದೆ. ಕತ್ತರಿಸಿದ ಅಂಚಿನಲ್ಲಿ ಗಾಜಿನ ನಾರಿನ ತುದಿಗಳು ತೆರೆದಿರುತ್ತವೆ, ಅವುಗಳ ಗುಂಟ ನೀರು ಒಳಕ್ಕೆ ಹೀರಲ್ಪಡುತ್ತದೆ. ನೀರು ತಾಗುವ ಯಾವ ತೂತಿಗಾದರೂ ಎಪಾಕ್ಸಿಯನ್ನು ತೆಳುವಾಗಿ ಎರಡು ಸಲ ಹಚ್ಚಿ.

ಒಂದೆರಡು ಚಕ್ಕೆ ಎದ್ದಿದ್ದರೆ ಮೊದಲು ಫಿಟಿಂಗ್‌ನ ಅಂಚು ಅದನ್ನು ಮುಚ್ಚುತ್ತದೆಯೇ ನೋಡಿ. ಮುಚ್ಚಿದರೂ ಸೀಲೆಂಟ್ ತುಂಬಿಯೇ ಫಿಟಿಂಗ್ ಕೂರಿಸಿ. ಮುಚ್ಚದಿದ್ದರೆ ಚಕ್ಕೆ ಎದ್ದ ಜಾಗದ ಅಂಚನ್ನು ಸ್ಯಾಂಡ್ ಪೇಪರ್‌ನಿಂದ ಇಳಿಜಾರು ಮಾಡಿ, ಬಣ್ಣ ಹೊಂದುವ ಜೆಲ್‌ಕೋಟ್ ಪೇಸ್ಟನ್ನು ತುಸು ಉಬ್ಬುವಂತೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಾಳಿ ತಾಗಿದರೆ ಅದರ ಮೇಲ್ಮೈ ಅಂಟಂಟಾಗಿಯೇ ಉಳಿಯಬಹುದು. ಗಟ್ಟಿಯಾದ ಮೇಲೆ 400, 800, 1200 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ ಪಾಲಿಶ್ ಹಚ್ಚಿ.